ತೇಗದ ಮೇಜಿಗೆ ಸ್ಟೇನ್ ಹಚ್ಚಿದ ಮೇಲೆ ಪಟ್ಟೆ, ಬಿಳಿ ಕಲೆ, ಅಂಟು: ಪೂರ್ತಿ ಉಜ್ಜಿ ತೆಗೆಯದೆ ಸರಿಮಾಡಬಹುದೇ?

ಜಗಲಿಕಟ್ಟೆ

ಎಲ್ಲರಿಗೂ ನಮಸ್ಕಾರ. ತೇಗದ ಊಟದ ಮೇಜು. ಮೇಲುಹಲಗೆ 5 ಅಡಿ ಉದ್ದ, 3 ಅಡಿ ಅಗಲ, ನಾಲ್ಕು ಹಲಗೆ ಅಂಟು ಹಾಕಿ ಜೋಡಿಸಿದ್ದು. ಹಳೆಯ ಸ್ಪಿರಿಟ್ ಪಾಲಿಶ್ ತೆಗೆದು, 120 ಮತ್ತು 180 ನಂಬರ್ ಸ್ಯಾಂಡ್ ಪೇಪರ್ ಹಾಕಿ, ಮೊನ್ನೆ ವಾಲ್ನಟ್ ಬಣ್ಣದ ಸ್ಟೇನ್ ಒಂದು ಕೋಟ್ ಆಗಿದೆ. ಟರ್ಪೆಂಟೈನ್ ಬೆರೆಸುವ ಎಣ್ಣೆ ಸ್ಟೇನ್, ನೀರಿನದ್ದಲ್ಲ. ಸೀಲರ್, ಅಂದರೆ ಮರದ ರಂಧ್ರ ಮುಚ್ಚುವ ಕೋಟ್, ಇನ್ನೂ ಹಾಕಿಲ್ಲ. ಊರು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ, ಮಳೆ ಹಿಡಿದುಕೊಂಡಿದೆ.

ಈಗ ಮೇಜಿನ ಸ್ಥಿತಿ ಹೀಗಿದೆ. ಮೇಲುಹಲಗೆಯ ನಡುವೆ ಎರಡು ಕಡೆ ಅಡ್ಡಕ್ಕೆ ಅಂಗೈ ಅಗಲದ ಕಡುಕಂದು ಪಟ್ಟೆ ಬಿದ್ದಿದೆ, ಒಂದು ಸಲ ಹಚ್ಚಿದ್ದರ ಮೇಲೆ ಇನ್ನೊಂದು ಸಲ ಬ್ರಷ್ ಹೋದ ಜಾಗ ಅದು. ಹಲಗೆ ಹಲಗೆ ಕೂಡುವಲ್ಲಿ ಬೆರಳುಗುರುತಿನ ಹಾಗೆ ಬಿಳಿಚಿದ ಕಲೆಗಳಿವೆ, ಅಲ್ಲಿ ಬಣ್ಣವೇ ಹಿಡಿದಿಲ್ಲ. ಹಲಗೆಯ ಎರಡೂ ತುದಿ, ಅಂದರೆ ಅಡ್ಡ ಕೊಯ್ದ ಭಾಗ, ಹೆಚ್ಚುಕಡಿಮೆ ಕಪ್ಪಾಗಿದೆ. ಇಡೀ ಮೇಲುಹಲಗೆ ಎರಡು ದಿನ ಕಳೆದರೂ ಕೈಗೆ ಅಂಟುತ್ತದೆ. ಒಂದು ಕಾಲಿನ ಹತ್ತಿರ, ಮೊಳೆ ಇದ್ದ ಕಡೆ, ನೀಲಿಗಪ್ಪು ಚುಕ್ಕೆಗಳಿವೆ.

ಇದರ ಜೊತೆಗೆ ನಾಲ್ಕು ರಬ್ಬರ್ ವುಡ್ ಕುರ್ಚಿ. ಅವಕ್ಕೂ ಅದೇ ಸ್ಟೇನ್ ಬಿದ್ದಿದೆ. ಅಲ್ಲಿ ತುಂಡು ತುಂಡಾಗಿ ಒಂದು ಪಟ್ಟಿ ದಟ್ಟ, ಪಕ್ಕದ ಪಟ್ಟಿ ತೆಳು ಕಾಣುತ್ತಿದೆ.

ಎಲ್ಲವನ್ನೂ ಮತ್ತೆ ಬರಿಮರಕ್ಕೆ ತರದೆ ಸರಿಮಾಡುವ ದಾರಿ ಇದೆಯೇ? ಇದ್ದರೆ ಯಾವುದನ್ನು ಮೊದಲು ಮಾಡಬೇಕು?

ಉಳಿಕೊಡತಿ

ಸೀಲರ್ ಹಾಕದೆ ನಿಲ್ಲಿಸಿದ್ದು ಒಳ್ಳೆಯದಾಯಿತು. ಬಣ್ಣ ಯಾವ ಪದರದ ಅಡಿಗೂ ಸಿಕ್ಕಿಕೊಂಡಿಲ್ಲ. ಇಂಥ ಹೊತ್ತಿನಲ್ಲಿ ಮೊದಲು ಕೈಗೆ ಬರಬೇಕಾದ್ದು ಬಟ್ಟೆ ಮತ್ತು ಟರ್ಪೆಂಟೈನ್. ಪೇಪರ್ ಕಡೆಗೆ.

ಯಾಕೆಂದರೆ ಎಣ್ಣೆ ಸ್ಟೇನ್‌ನಲ್ಲಿ ಇರುವುದು ನುಣ್ಣನೆಯ ಬಣ್ಣದ ಪುಡಿ, ಅದನ್ನು ಮರಕ್ಕೆ ಹಿಡಿಸುವ ಎಣ್ಣೆ ಅಥವಾ ವಾರ್ನಿಶ್, ಮತ್ತೆ ಆರಿಹೋಗುವ ಟರ್ಪೆಂಟೈನ್. ಪುಡಿ ಮರದ ಒಳಕ್ಕೆ ಇಳಿಯುವುದಿಲ್ಲ. ಮರದ ಸಣ್ಣ ರಂಧ್ರಗಳಲ್ಲಿ, ಪೇಪರ್ ಎಳೆದ ಗೀರುಗಳಲ್ಲಿ ಕೂತಿರುತ್ತದೆ. ಎಣ್ಣೆ ಪೂರ್ತಿ ಗಟ್ಟಿಯಾಗುವವರೆಗೆ ಅದನ್ನು ಎಬ್ಬಿಸಬಹುದು. ನಿಮ್ಮದು ಇನ್ನೂ ಅಂಟುತ್ತಿದೆ ಅಂದರೆ ಗಟ್ಟಿಯಾಗಿಲ್ಲ, ಅದು ಈಗ ನಿಮಗೆ ಅನುಕೂಲವೇ.

ಒಂದು ಸಣ್ಣ ಪರೀಕ್ಷೆ ಮಾಡಿ. ಬಿಳಿ ಬನಿಯನ್ ಬಟ್ಟೆಗೆ ಟರ್ಪೆಂಟೈನ್ ಹಾಕಿ, ಮೇಜಿನ ಅಂಚಿನ ಕೆಳಗೆ ಸ್ಟೇನ್ ಬಿದ್ದ ಕಡೆ ಒಂದೇ ಜಾಗದಲ್ಲಿ ಹದಿನೈದಿಪ್ಪತ್ತು ಸಲ ಒತ್ತಿ ಉಜ್ಜಿ. ಬಟ್ಟೆ ಕಂದಾಗಿ ಬಂದರೆ ಟರ್ಪೆಂಟೈನ್ ಸಾಕು. ಬಟ್ಟೆ ಬೆಳ್ಳಗೇ ಉಳಿದರೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ತೆಳುಮಾಡುವ ಥಿನ್ನರ್‌ನಲ್ಲಿ ನೋಡಿ, ಅದು ಇನ್ನೂ ಖಾರ. ಎರಡಕ್ಕೂ ಜಗ್ಗದಿದ್ದರೆ ಮಾತ್ರ ಕೆರೆಯುವ ಮಾತು.

ಅಂಟು ಯಾಕೆ ಉಳಿದಿದೆ ಅನ್ನುವುದಕ್ಕೆ ನಿಮ್ಮಲ್ಲಿ ಮೂರು ಕಾರಣ ಸೇರಿಕೊಂಡಿವೆ. ಸ್ಟೇನ್ ಹಚ್ಚಿ ಹೆಚ್ಚಾದದ್ದನ್ನು ಒರೆಸದೆ ಬಿಟ್ಟರೆ ಮೇಲೆ ದಪ್ಪ ಪದರ ನಿಲ್ಲುತ್ತದೆ. ಪದರದ ಮೇಲುಮೈ ಗಾಳಿ ತಾಗಿ ಕೆನೆಗಟ್ಟುತ್ತದೆ, ಒಳಗಿನದು ಹಸಿಯಾಗಿಯೇ ಇರುತ್ತದೆ. ತೇಗದಲ್ಲಿ ಅದರದ್ದೇ ಎಣ್ಣೆಯಂಶವಿದೆ, ಅದು ಎಣ್ಣೆ ಸ್ಟೇನ್ ಗಟ್ಟಿಯಾಗುವುದನ್ನು ತಡೆಯುತ್ತದೆ. ಮೂರನೆಯದು ಮಳೆಗಾಲದ ತೇವ. ಹೀಗಾಗಿ "ಇನ್ನೆರಡು ದಿನ ಬಿಟ್ಟರೆ ಒಣಗೀತು" ಅಂತ ಕಾಯುವುದರಲ್ಲಿ ಅರ್ಥವಿಲ್ಲ. ಇದರ ಮೇಲೆ ಸೀಲರ್ ಹೊಡೆದರಂತೂ ಮುಂದೆ ಬಿರುಕು ಬಿಡುತ್ತದೆ, ಇಲ್ಲವೇ ಉಗುರು ತಾಗಿದರೆ ಸಿಪ್ಪೆಯಾಗಿ ಏಳುತ್ತದೆ.

ಸರಿಮಾಡುವ ಕ್ರಮ: ಫ್ಯಾನ್ ನಿಲ್ಲಿಸಿ, ಕಿಟಕಿ ತೆಗೆದಿಡಿ, ಹತ್ತಿರ ಬೆಂಕಿ ಇರಬಾರದು. ಮೇಲುಹಲಗೆ ಪೂರ್ತಿ ಒದ್ದೆಯಾಗುವಷ್ಟು ಟರ್ಪೆಂಟೈನ್ ಬಳಿಯಿರಿ, 15 ಚದರ ಅಡಿಗೆ ಕಾಲು ಲೀಟರ್ ಆಸುಪಾಸು ಬೇಕು. ಐದರಿಂದ ಹತ್ತು ನಿಮಿಷ ಬಿಡಿ, ನಡುವೆ ಒಣಗಿದ ಕಡೆ ಮತ್ತೆ ಬಳಿಯಿರಿ. ಆಮೇಲೆ ಹಸಿರು ಸ್ಕ್ರಬ್ ಪ್ಯಾಡ್‌ನಲ್ಲಿ ಎಳೆಯ ಉದ್ದಕ್ಕೆ ಉಜ್ಜಿ. ಕಬ್ಬಿಣದ ನಾರು ಬೇಡ, ಮೊಳೆಯ ಹತ್ತಿರ ಕಪ್ಪು ಚುಕ್ಕೆ ಈಗಾಗಲೇ ಎದ್ದಿದೆ, ಉದುರಿದ ನಾರಿನಿಂದ ಅದು ಇನ್ನಷ್ಟು ಕಡೆ ಏಳಬಹುದು. ಎದ್ದ ಕೆಸರನ್ನು ಒಣ ಬಟ್ಟೆಯಿಂದ ಒರೆಸಿ, ಬಟ್ಟೆಯ ಮಗ್ಗುಲು ಬದಲಿಸುತ್ತಾ ಇರಿ. ಒಂದೇ ಕೊಳೆಬಟ್ಟೆಯಲ್ಲಿ ಒರೆಸಿದರೆ ತೆಗೆದ ಬಣ್ಣವನ್ನೇ ಪಕ್ಕಕ್ಕೆ ಹಚ್ಚಿದಂತಾಗುತ್ತದೆ. ಬಟ್ಟೆಗೆ ಬರುವ ಬಣ್ಣ ತೆಳುವಾಗುವವರೆಗೆ ಮತ್ತೊಂದು ಸಲ ಮಾಡಿ.

ಪಟ್ಟೆಗಳು ಇದೇ ಕೆಲಸದಲ್ಲಿ ಬಹುಪಾಲು ಹೋಗುತ್ತವೆ. ಅಲ್ಲಿ ಆದದ್ದೂ ಇಷ್ಟೇ: ಮೊದಲು ಹಚ್ಚಿದ್ದು ಅರೆ ಒಣಗಿತ್ತು, ಅದರ ಮೇಲೆ ಹಸಿ ಸ್ಟೇನ್ ಬಿತ್ತು, ಎರಡು ಪಾಲು ಪುಡಿ ಕೂತಿತು. ಆದರೆ ಪಟ್ಟೆಯ ಮೇಲೆ ಮಾತ್ರ ಉಜ್ಜಲು ಹೋಗಬೇಡಿ. ಅಲ್ಲಿ ತೆಳುವಾಗಿ ಅದರ ಸುತ್ತ ಇನ್ನೊಂದು ಗೆರೆ ಏಳುತ್ತದೆ. ಯಾವ ದುರಸ್ತಿಯೇ ಆಗಲಿ ಹಲಗೆಯ ಒಂದು ತುದಿಯಿಂದ ಇನ್ನೊಂದು ತುದಿಗೆ, ಒಂದು ಜೋಡಣೆಯಿಂದ ಮುಂದಿನ ಜೋಡಣೆಯವರೆಗೆ ಹೋಗಬೇಕು. ಹಲಗೆಯ ನಡುವೆ ನಿಂತರೆ ಕಣ್ಣಿಗೆ ಬಿದ್ದೇ ಬೀಳುತ್ತದೆ.

ನೋಡುವ ಬಗೆಯನ್ನೂ ಹೇಳುತ್ತೇನೆ. ಟಾರ್ಚನ್ನು ಹಲಗೆಗೆ ತಾಗಿದಂತೆ ಅಡ್ಡ ಮಲಗಿಸಿ ಬೆಳಕು ಬಿಡಿ, ನೀವು ಎದುರು ಬದಿಗೆ ನಿಂತು ನೋಡಿ. ಒರೆಸದೆ ಉಳಿದ ಪದರ ಮಿರಿಮಿರಿ ಹೊಳೆಯುತ್ತದೆ. ಒರೆಸಿದ ಮರ ಮಂಕಾಗಿ, ರಂಧ್ರಗಳು ಸಣ್ಣ ಸೂಜಿಗೀರಿನಂತೆ ತೆರೆದು ಕಾಣುತ್ತವೆ. ಮೇಲುಹಲಗೆ ಪೂರ್ತಿ ಆ ಮಂಕು ಬಂದ ಮೇಲೆ 48 ಗಂಟೆ ಬಿಡಿ, ಆಗ ಫ್ಯಾನ್ ಹಾಕಬಹುದು.

ಚೇಗು_ಬಿಳಿಮರ

ಉಳಿಕೊಡತಿಯವರು ಹೇಳಿದ್ದು ಮುಗಿಯುವವರೆಗೆ ಬಿಳಿ ಕಲೆಗೆ ಕೈ ಹಾಕಬೇಡಿ. ಹೆಚ್ಚಿನ ಬಣ್ಣ ಎದ್ದ ಮೇಲೆ ಕಲೆಯ ಅಂಚು ಸರಿಯಾಗಿ ಕಾಣುತ್ತದೆ.

ಅದು ಅಂಟಿನ ಕಲೆ. ಕ್ಲಾಂಪ್ ಬಿಗಿದಾಗ ಜೋಡಣೆಯಿಂದ ಉಕ್ಕಿದ ಫೆವಿಕಾಲ್‌ನಂಥ ಬಿಳಿ ಅಂಟನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ. ಅಂಟು ನೀರಾಗಿ ಹರಡಿ ರಂಧ್ರ ತುಂಬಿಕೊಳ್ಳುತ್ತದೆ. ಒಣಗಿದ ಮೇಲೆ ಬರಿಗಣ್ಣಿಗೆ ಕಾಣುವುದಿಲ್ಲ, ಸ್ಟೇನ್ ಬಿದ್ದಾಗಲೇ ಗೊತ್ತಾಗುವುದು. ಅಲ್ಲಿ ಎಷ್ಟು ಕೋಟ್ ಸ್ಟೇನ್ ಹಾಕಿದರೂ ಮರಕ್ಕೆ ದಾರಿಯೇ ಇಲ್ಲ.

ಬಟ್ಟೆಯನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ, ಕಲೆಯ ಮೇಲೆ ಐದು ನಿಮಿಷ ಇಡಿ. ನೀರಿಗೆ ಅರ್ಧಪಾಲು ಬಿಳಿ ವಿನೆಗರ್ ಸೇರಿಸಿದರೆ ಅಂಟು ಇನ್ನೂ ಬೇಗ ಮೆತ್ತಗಾಗುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಎಳೆಯ ಉದ್ದಕ್ಕೆ ತಿಕ್ಕಿ ಒರೆಸಿ. ಒಣಗಿದ ಮೇಲೆ ಸ್ಕ್ರೇಪರ್ ಎಳೆಯಿರಿ. ಸ್ಕ್ರೇಪರ್ ಇಲ್ಲದಿದ್ದರೆ ನಮ್ಮ ಆಚಾರಿಗಳು ಹಿಂದಿನಿಂದ ಬಳಸುವ ಗಾಜಿನ ಚೂರೂ ಆಗುತ್ತದೆ, ಕೈಗೆ ದಪ್ಪ ಗ್ಲೌಸ್ ಇರಲಿ. ಪೇಪರ್‌ಗಿಂತ ಇದು ಮೇಲು, ಪೇಪರ್ ಅಂಟನ್ನು ಕಾಯಿಸಿ ಇನ್ನೂ ಒಳಕ್ಕೆ ತಳ್ಳುತ್ತದೆ. ಕೆರೆಯುವಾಗ ಮೊದಲು ಪ್ಲಾಸ್ಟಿಕ್‌ನಂಥ ಹೊಟ್ಟು ಬರುತ್ತದೆ, ಆಮೇಲೆ ಮರದ ಸುರುಳಿ ಬರತೊಡಗುತ್ತದೆ. ಸುರುಳಿ ಬಂದರೆ ಅಂಟು ಮುಗಿಯಿತು. ಕೊನೆಗೆ ಮೊದಲು ಹಾಕಿದ ನಂಬರ್‌ನದ್ದೇ ಪೇಪರ್, ನಿಮ್ಮಲ್ಲಿ 180, ಎಳೆಯ ಉದ್ದಕ್ಕೆ ಕೈಯಲ್ಲೇ ಹಾಕಿ. ಅಲ್ಲಿ 320 ಹಾಕಿ ನುಣ್ಣಗೆ ಮಾಡಿದರೆ ಪುಡಿ ನಿಲ್ಲಲು ಗೀರು ಸಿಗದೆ ಆ ಜಾಗ ಮತ್ತೆ ತೆಳುವಾಗಿಯೇ ಉಳಿಯುತ್ತದೆ.

ಎಲ್ಲ ಆದ ಮೇಲೆ ಥಿನ್ನರ್ ಒದ್ದೆ ಬಟ್ಟೆಯನ್ನು ಜೋಡಣೆಯ ಉದ್ದಕ್ಕೂ ಒಂದು ಸಲ ಎಳೆದು ನೋಡಿ. ಅಂಟು ಉಳಿದ ಕಡೆ ಮರ ಒದ್ದೆಯಾಗದೆ ಬಿಳಿಚಿಕೊಂಡೇ ಇರುತ್ತದೆ. ತೇಗಕ್ಕೆ ಇದರಿಂದ ಇನ್ನೊಂದು ಉಪಯೋಗ, ಮೇಲ್ಮೈಯ ಎಣ್ಣೆಯೂ ಹೋಗುತ್ತದೆ. ಥಿನ್ನರ್ ಆರಿದ ಮೇಲೆ, ಅದೇ ದಿನ ಸ್ಟೇನ್ ಹಚ್ಚಿ. ವಾರ ಬಿಟ್ಟರೆ ಎಣ್ಣೆ ಮತ್ತೆ ಮೇಲಕ್ಕೆ ಬರುತ್ತದೆ.

ಕಪ್ಪಾದ ತುದಿಗೆ ಬರೋಣ. ಅಡ್ಡ ಕೊಯ್ದ ಕಡೆ ಮರದ ನಾಳಗಳ ಬಾಯಿ ತೆರೆದಿರುತ್ತದೆ, ಸ್ಟೇನನ್ನು ಹೀರಿಕೊಂಡು ಕುಡಿಯುತ್ತದೆ. ಒಳಗೆ ಹೋದದ್ದು ಟರ್ಪೆಂಟೈನ್‌ಗೆ ಪೂರ್ತಿ ಬರುವುದಿಲ್ಲ. ಆ ಎರಡು ತುದಿಯನ್ನು ಮಾತ್ರ 120, 180, 240 ಹೀಗೆ ಉಜ್ಜಲೇಬೇಕು. ಮರದ ತುಂಡಿಗೆ ಪೇಪರ್ ಸುತ್ತಿ ಉಜ್ಜಿ, ಬರಿಗೈಯಲ್ಲಿ ಉಜ್ಜಿದರೆ ಅಂಚು ಉರುಟಾಗುತ್ತದೆ. ಮೇಲುಮೈಗೆ 180ರಲ್ಲಿ ನಿಲ್ಲಿಸಿ, ತುದಿಗೆ 240 ಅಥವಾ 320ವರೆಗೆ ಹೋದರೆ ಹೀರುವುದು ಕಡಿಮೆಯಾಗಿ ಬಣ್ಣ ಒಂದಕ್ಕೊಂದು ಹೊಂದುತ್ತದೆ. ಎರಡನೇ ಸಲ ಸ್ಟೇನ್ ಹಚ್ಚುವ ಮೊದಲು ತುದಿಗೆ ತೆಳು ಅರಗಿನ ಕೋಟ್ ಕೊಡಿ: 100 ಮಿಲಿ ಸ್ಪಿರಿಟ್‌ಗೆ 12 ಗ್ರಾಂ ಚಪಡಾ, ಅಂದರೆ ಅರಗಿನ ತೆಳು ಚೂರು. ರಾತ್ರಿ ನೆನೆಹಾಕಿ ಬೆಳಿಗ್ಗೆ ಅಲುಗಿಸದೆ ಮೇಲಿನ ತಿಳಿಯನ್ನು ಮಾತ್ರ ಬಸಿದುಕೊಳ್ಳಿ. ಕೆಳಗೆ ಕೂರುವ ಮಬ್ಬು ಅರಗಿನ ಮೇಣ, ಅದು ಸೇರಿದರೆ ಮೇಲೆ ಪಿಯು (ಪಾಲಿಯುರೆಥೇನ್) ಕೋಟ್ ಸರಿಯಾಗಿ ಹಿಡಿಯುವುದಿಲ್ಲ.

ಇನ್ನು ರಬ್ಬರ್ ವುಡ್ ಕುರ್ಚಿ. ಅಲ್ಲಿ ಕಾಣುತ್ತಿರುವುದು ಹಚ್ಚಿದ ದೋಷವಲ್ಲ, ಮರದ ಸ್ವಭಾವ. ರಬ್ಬರ್ ವುಡ್ ಸಾಮಾನು ಸಣ್ಣ ಸಣ್ಣ ಪಟ್ಟಿಗಳನ್ನು ಬೆರಳು ಹೆಣೆದ ಹಾಗೆ ಕೂಡಿಸಿ ಮಾಡಿದ್ದು. ಪ್ರತಿ ಪಟ್ಟಿಯೂ ಬೇರೆ ಮರದ್ದು, ಬೇರೆ ಕಡೆಯಿಂದ ಕೊಯ್ದದ್ದು, ಹಾಗಾಗಿ ಒಂದೊಂದು ಒಂದೊಂದು ಥರ ಹೀರುತ್ತದೆ. ದಟ್ಟವಾದ ಪಟ್ಟಿಯಿಂದ ಟರ್ಪೆಂಟೈನ್ ಹಾಕಿ ಒಂದಿಷ್ಟು ತೆಗೆಯಬಹುದು. ಆದರೆ ತೆಳುವಾದ ಪಟ್ಟಿಗೆ ಸ್ಟೇನ್ ಮೇಲೆ ಸ್ಟೇನ್ ಹೊರಿಸಿದರೆ ಅಂಟೇ ಗತಿ. ಕುರ್ಚಿಯ ಬಣ್ಣವನ್ನು ಈಗ ಹಾಗೇ ಬಿಟ್ಟು, ಸೀಲರ್ ಒಂದು ಕೋಟ್ ಆದ ಮೇಲೆ, ಮೇಲಿನ ಕೋಟ್‌ನಲ್ಲಿ ಬಣ್ಣ ಬೆರೆಸಿ ಹೊಂದಿಸುವುದೇ ಜಾಣತನ. ಲ್ಯಾಕರ್‌ಗೆ ಬೆರೆಯುವ ದ್ರವ ಬಣ್ಣ ಪೇಂಟ್ ಅಂಗಡಿಯಲ್ಲಿ ಸಿಗುತ್ತದೆ, ಮೇಲಿನ ಕೋಟ್‌ಗೆ ಶೇ. 2ರಿಂದ 3ರಷ್ಟು ಸಾಕು. ಸ್ಪ್ರೇಯಲ್ಲಿ ತೆಳುವಾಗಿ, ತಿಳಿಯಾಗಿ ಉಳಿದ ಪಟ್ಟಿಗಳ ಮೇಲೆ ಒಂದು ಸಲ ಹೆಚ್ಚು, ಉಳಿದ ಕಡೆ ಒಂದು ಸಲ ಕಡಿಮೆ. ಇದನ್ನು ಬ್ರಷ್‌ನಲ್ಲಿ ಮಾಡಿದರೆ ಬ್ರಷ್ ಗೆರೆಗಳೇ ಬಣ್ಣದ ಗೆರೆಗಳಾಗುತ್ತವೆ.

ಗರಗಸ72

ಇಷ್ಟೆಲ್ಲ ಯಾಕೆ ಸ್ವಾಮಿ? ಗಟ್ಟಿ ತೇಗ. ಆರ್ಬಿಟಲ್ ಸ್ಯಾಂಡರ್ ಬಾಡಿಗೆಗೆ ತಂದು 80 ಪೇಪರ್ ಹಾಕಿದರೆ ಅರ್ಧ ದಿನದಲ್ಲಿ ಬರಿಮರ. ಕಪ್ಪಾದ ತುದಿ, ಪಟ್ಟೆ ಎಲ್ಲದಕ್ಕೂ ಆಕ್ಸಾಲಿಕ್ ಆಸಿಡ್ ಹಾಕಿದರೆ ಬೆಳ್ಳಗಾಗುತ್ತದೆ. ಮತ್ತೆ ಹೊಸದಾಗಿ ಹಚ್ಚುವುದು ಸುಲಭ.

ಅರಗುಬಟ್ಟೆ

ಗರಗಸ ಅವರೇ, ಎರಡೂ ಮಾತಿಗೆ ತಿದ್ದುಪಡಿ ಬೇಕು. ಓದುವ ಬೇರೆಯವರೂ ಹಾಗೇ ಮಾಡಿಬಿಟ್ಟಾರು.

ಅಂಟು ಇರುವ ಸ್ಟೇನ್ ಮೇಲೆ ಮಷಿನ್ ಇಟ್ಟರೆ ಎರಡು ನಿಮಿಷಕ್ಕೆ ಪೇಪರ್ ಮೇಣಗಟ್ಟುತ್ತದೆ. ಗಟ್ಟಿದ ಉಂಡೆಗಳು ಮರದ ಮೇಲೆ ಸುರುಳಿ ಗೀರು ಎಳೆಯುತ್ತವೆ. 80ರ ಸುರುಳಿ ಗೀರು ಬರಿಮರದಲ್ಲಿ ಕಾಣುವುದಿಲ್ಲ. ಸ್ಟೇನ್ ಬಿದ್ದ ಕ್ಷಣ ಪುಡಿ ಅದರಲ್ಲಿ ಕೂತು ಮೇಜಿನ ತುಂಬ ಸಣ್ಣ ಸಣ್ಣ ಸೊನ್ನೆಗಳು ಏಳುತ್ತವೆ. ಮಷಿನ್ ಬಳಸಲೇಬೇಕಾದರೆ ಟರ್ಪೆಂಟೈನ್‌ನಲ್ಲಿ ಅಂಟು ತೆಗೆದು ಒಣಗಿದ ಮೇಲೆ 120ರಿಂದ ಶುರುಮಾಡಿ, 150, 180 ಬಿಡದೆ ಹೋಗಿ, ಕೊನೆಯ 180ನ್ನು ಎಳೆಯ ಉದ್ದಕ್ಕೆ ಕೈಯಲ್ಲಿ ಮುಗಿಸಬೇಕು. ನಡುವಿನ ನಂಬರ್ ಹಾರಿಸಬಾರದು. ಇದೂ ಗಟ್ಟಿಮರಕ್ಕೆ ಮಾತ್ರ. ಪ್ಲೈವುಡ್ ಮೇಲಿನ ತೇಗದ ವೆನೀರ್ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿಗಿಂತ ದಪ್ಪ ಇರುವುದಿಲ್ಲ, ಮಷಿನ್ ಇಟ್ಟರೆ ಕ್ಷಣದಲ್ಲಿ ಕೆಳಗಿನ ಬಿಳಿ ಮರ ಕಾಣುತ್ತದೆ, ಆಮೇಲೆ ಅದಕ್ಕೆ ಮದ್ದಿಲ್ಲ.

ಆಕ್ಸಾಲಿಕ್ ಆಸಿಡ್ ಸ್ಟೇನ್ ತೆಗೆಯುವುದಿಲ್ಲ. ಅದರ ಕೆಲಸ ಒಂದೇ, ಕಬ್ಬಿಣ ಮತ್ತು ಮರದ ಒಗರು ಸೇರಿ ಆದ ಕಪ್ಪನ್ನು ಕರಗಿಸುವುದು. ಪ್ರಶ್ನೆ ಕೇಳಿದವರ ಕಾಲಿನ ಹತ್ತಿರದ ನೀಲಿಗಪ್ಪು ಚುಕ್ಕೆ ಇದೆಯಲ್ಲ, ಅದಕ್ಕೆ ಇದೇ ಔಷಧ. ಕಡುಕಂದು ಪಟ್ಟೆಗೆ ಅಲ್ಲ. ಬ್ಲೀಚ್ ಕೂಡ ಹಾಗೇ, ಕರಗುವ ಜಾತಿಯ ಬಣ್ಣವನ್ನು, ಅಂದರೆ ಸ್ಪಿರಿಟ್ ಸ್ಟೇನ್, ನೀರಿನ ಡೈ ಇಂಥವನ್ನು ತೆಗೆಯುತ್ತದೆ, ಪುಡಿಬಣ್ಣದ ಮೇಲೆ ಕೆಲಸ ಮಾಡುವುದಿಲ್ಲ.

ಚುಕ್ಕೆಗೆ ಮಾಡಬೇಕಾದ್ದು: ಮೊದಲು ಮೊಳೆಯ ತಲೆ ಉಳಿದಿದ್ದರೆ ಕಿತ್ತುಬಿಡಿ, ಇಲ್ಲವೇ ತಲೆಯನ್ನು ಒಳಕ್ಕೆ ಬಡಿದು ಮುಚ್ಚಿ. ಕಬ್ಬಿಣ ಅಲ್ಲೇ ಇದ್ದರೆ ಕಪ್ಪು ಮತ್ತೆ ಬರುತ್ತದೆ. ಟರ್ಪೆಂಟೈನ್ ಕೆಲಸ ಮುಗಿದು ಮರ ಒಣಗಿರಲಿ, ಎಣ್ಣೆ ಇದ್ದ ಕಡೆ ನೀರಿನ ದ್ರಾವಣ ಒಳಕ್ಕಿಳಿಯುವುದಿಲ್ಲ. ಪ್ಲಾಸ್ಟಿಕ್ ಮಗ್ಗಿನಲ್ಲಿ ಕಾಲು ಲೀಟರ್ ಬಿಸಿನೀರಿಗೆ 15ರಿಂದ 20 ಗ್ರಾಂ ಆಕ್ಸಾಲಿಕ್ ಆಸಿಡ್ ಕರಗಿಸಿ. ಕಬ್ಬಿಣದ ಪಾತ್ರೆ ಬೇಡ. ಚುಕ್ಕೆಯ ಮೇಲಷ್ಟೇ ಅಲ್ಲ, ಆ ಕಾಲಿನ ಆ ಮಗ್ಗುಲು ಪೂರ್ತಿ ಬಳಿಯಿರಿ, ಇಲ್ಲದಿದ್ದರೆ ಉಂಗುರದ ಗುರುತು ನಿಲ್ಲುತ್ತದೆ. ಇಪ್ಪತ್ತು ನಿಮಿಷದಲ್ಲಿ ಕಪ್ಪು ಬೂದಾಗಿ, ಮತ್ತೆ ಕಾಣದಂತಾಗುತ್ತದೆ. ಉಳಿದರೆ ಇನ್ನೊಂದು ಸಲ. ಆಮೇಲೆ ಒಂದು ಲೀಟರ್ ನೀರಿಗೆ ಎರಡು ಚಮಚ ಅಡಿಗೆ ಸೋಡಾ ಹಾಕಿ ಒರೆಸಿ, ಕೊನೆಗೆ ಬರಿ ನೀರಲ್ಲಿ ಎರಡು ಸಲ ಒರೆಸಿ. ಮಳೆಗಾಲದಲ್ಲಿ ಎರಡು ದಿನವಾದರೂ ಒಣಗಲು ಬಿಡಿ.

ಇದು ವಿಷ. ರಬ್ಬರ್ ಗ್ಲೌಸ್, ಕನ್ನಡಕ ಹಾಕಿ. ಸರಿಯಾಗಿ ತೊಳೆಯದೆ ಒಣಗಿದರೆ ಮರದ ಮೇಲೆ ಬಿಳಿ ಹರಳು ಏಳುತ್ತದೆ, ಅದನ್ನು ಉಜ್ಜಿದ ಧೂಳು ಮೂಗು ಗಂಟಲು ಸುಡುತ್ತದೆ. ಬ್ಲೀಚ್ ಜೊತೆಗೆ, ಅಥವಾ ಬ್ಲೀಚ್ ಹಾಕಿ ತೊಳೆಯದ ಮರದ ಮೇಲೆ ಯಾವ ಕಾರಣಕ್ಕೂ ಹಾಕಬೇಡಿ, ಕ್ಲೋರಿನ್ ಅನಿಲ ಏಳುತ್ತದೆ.

ಜಗಲಿಕಟ್ಟೆ

ಎಲ್ಲರಿಗೂ ತುಂಬ ಧನ್ಯವಾದ. ಟರ್ಪೆಂಟೈನ್‌ಗೇ ಬಣ್ಣ ಎದ್ದಿತು. ಪಟ್ಟೆ ಹೋಗಿದೆ, ಅಂಟಿಲ್ಲ, ಅಡ್ಡ ಬೆಳಕಿನಲ್ಲಿ ಮಂಕಾಗಿ ಕಾಣುತ್ತದೆ. ಅಂಟಿನ ಕಲೆ ಕೆರೆದು, ತುದಿ ಉಜ್ಜಿ, ಅರಗು ಕೊಟ್ಟು, ಮತ್ತೆ ಸ್ಟೇನ್ ಹಚ್ಚಿ ಹತ್ತು ನಿಮಿಷಕ್ಕೆ ಒರೆಸಿ ಆಯಿತು. ಚುಕ್ಕೆಯೂ ಹೋಯಿತು.

ಈಗ ಬಣ್ಣ ಸಮವಾಗಿದೆ, ಆದರೆ ಕೆಂಪು ಜಾಸ್ತಿ. ಮನೆಯ ಹಳೆಯ ಕಪಾಟು ತಣ್ಣನೆಯ ಕಂದು, ಅದರ ಪಕ್ಕದಲ್ಲಿ ಇದು ಎದ್ದು ಕಾಣುತ್ತದೆ. ಈ ಹಂತದಲ್ಲಿ ಕೆಂಪು ಇಳಿಸಬಹುದೇ? ಇನ್ನೊಂದು, ಮೇಲೆ ಮೆಲಮೈನ್, ಅಂದರೆ ಹಾರ್ಡನರ್ ಬೆರೆಸಿ ಹಾಕುವ ಗಟ್ಟಿ ಪಾಲಿಶ್, ಹಾಕುವ ಯೋಚನೆ ಇದೆ. ಸ್ಟೇನ್ ಎದ್ದು ಬರುತ್ತದೆ ಅಂತ ಯಾರೋ ಹೇಳಿದರು.

ಉಳಿಕೊಡತಿ

ಕೆಂಪನ್ನು ತೆಗೆಯುವುದು ಕಷ್ಟ, ಮುಚ್ಚುವುದು ಸುಲಭ. ಕೆಂಪಿಗೆ ಎದುರಾದದ್ದು ಹಸಿರು. ಹಸಿರನ್ನೇ ಹಚ್ಚಬೇಕಾಗಿಲ್ಲ, ರಾ ಅಂಬರ್ ಅನ್ನುವ ಕಂದಿನಲ್ಲಿ ಹಸಿರಿನ ಛಾಯೆ ಸಹಜವಾಗಿಯೇ ಇದೆ. ಅಂಗಡಿಯಲ್ಲಿ ಬರ್ಂಟ್ ಅಂಬರ್ ಕೊಟ್ಟರೆ ತರಬೇಡಿ, ಅದು ಕೆಂಪಿನ ಕಡೆಗೇ ವಾಲುತ್ತದೆ. ಬರ್ಂಟ್ ಸಿಯೆನ್ನಾ ಅಂತೂ ಇನ್ನೂ ಕೆಂಪು. ಇದೇ ಲೆಕ್ಕದಲ್ಲಿ ಕಿತ್ತಳೆ ಹೆಚ್ಚಾಗಿದ್ದರೆ ನೀಲಿಯ ಛಾಯೆ, ಹಳದಿ ಹೆಚ್ಚಾಗಿದ್ದರೆ ನೇರಳೆಯ ಛಾಯೆ ಬೇಕು.

ಇದನ್ನು ಸ್ಟೇನ್ ಮೇಲೆ ನೇರ ಹಚ್ಚಬೇಡಿ. ಮೊದಲು ಸ್ಟೇನ್‌ಗೆ ಮೂರು ದಿನ ಕೊಡಿ. ಆಮೇಲೆ ತುದಿಗೆ ಮಾಡಿದ ಅದೇ ತಿಳಿ ಅರಗಿನ ದ್ರಾವಣವನ್ನು ಮೇಲುಹಲಗೆಗೆ ಒಂದು ತೆಳು ಕೋಟ್ ಕೊಡಿ. ಒಂದೇ ಕಡೆ ಎರಡು ಸಲ ಬಟ್ಟೆ ಎಳೆಯದೆ ಹೋಗಿ. ಎರಡು ಗಂಟೆ ಬಿಟ್ಟು ಹಳೆಯ 320 ಪೇಪರ್‌ನಲ್ಲಿ ಸವರಿ, ಒತ್ತಬೇಡಿ, ಒತ್ತಿದರೆ ಅಂಚಿನಲ್ಲಿ ಬಣ್ಣ ಕಿತ್ತು ಬರುತ್ತದೆ. ಧೂಳು ಒರೆಸಿ.

ಚಿತ್ರ ಬರೆಯುವವರ ಎಣ್ಣೆಬಣ್ಣದ ಟ್ಯೂಬಿನಿಂದ ರಾ ಅಂಬರ್ ಎರಡು ಮೂರು ಸೆಂಟಿಮೀಟರ್ ಹಿಂಡಿ, 50 ಮಿಲಿ ಟರ್ಪೆಂಟೈನ್, ಒಂದು ಚಹಾ ಚಮಚ ಎಣ್ಣೆ ವಾರ್ನಿಶ್ ಸೇರಿಸಿ ಕದಡಿ. ಬಟ್ಟೆಯಲ್ಲಿ ಹಚ್ಚಿ, ಕೂಡಲೇ ಒಣ ಬ್ರಷ್‌ನ ತುದಿಯಿಂದ ಎಳೆಯ ಉದ್ದಕ್ಕೆ ಗಾಳಿಯಂತೆ ಎಳೆಯಿರಿ, ಬ್ರಷ್‌ಗೆ ಬಂದ ಬಣ್ಣವನ್ನು ಬಟ್ಟೆಗೆ ಒರೆಸುತ್ತಾ ಇರಿ. ಕೆಂಪು ಹೆಚ್ಚಿರುವ ಹಲಗೆಯಲ್ಲಿ ಬಣ್ಣ ಸ್ವಲ್ಪ ಜಾಸ್ತಿ ಉಳಿಸಿ. ಇಷ್ಟವಾಗದಿದ್ದರೆ ಟರ್ಪೆಂಟೈನ್‌ನಲ್ಲಿ ಪೂರ್ತಿ ಒರೆಸಿಬಿಡಿ, ಕೆಳಗಿನ ಅರಗಿಗೆ ಟರ್ಪೆಂಟೈನ್ ತಾಗುವುದಿಲ್ಲ, ಮೊದಲಿನ ಸ್ಟೇನ್ ಅಲುಗುವುದಿಲ್ಲ. ಅರಗಿನ ಕೋಟ್ ಕೊಡಿಸಿದ್ದೇ ಇದಕ್ಕಾಗಿ. ಹಗಲು ಬೆಳಕಿನಲ್ಲಿ, ಆ ಕಪಾಟಿನ ಪಕ್ಕದಲ್ಲೇ ಇಟ್ಟು ನೋಡಿ. ಟ್ಯೂಬ್‌ಲೈಟ್‌ನಲ್ಲಿ ಹೊಂದಿಸಿದ ಬಣ್ಣ ಬೆಳಿಗ್ಗೆ ಬೇರೆಯಾಗಿ ಕಾಣುತ್ತದೆ. ಇನ್ನೂ ಒದ್ದೆ ಇರುವಾಗಿನ ಬಣ್ಣವೇ ಮೇಲುಕೋಟ್ ಬಿದ್ದ ಮೇಲಿನ ಬಣ್ಣಕ್ಕೆ ಹತ್ತಿರ. ಒಣಗಿದಾಗ ಬೂದುಬೂದಾಗಿ ಕಂಡರೆ ಗಾಬರಿ ಬೇಡ.

ಮೆಲಮೈನ್ ಬಗ್ಗೆ ನಿಮಗೆ ಹೇಳಿದ್ದು ನಿಜ. ಅದರ ಥಿನ್ನರ್ ಖಾರ. ಪೂರ್ತಿ ಒಣಗದ ಎಣ್ಣೆ ಸ್ಟೇನನ್ನು ಸುಕ್ಕುಗಟ್ಟಿಸುತ್ತದೆ, ಸ್ಪಿರಿಟ್ ಅಥವಾ ಥಿನ್ನರ್ ಸ್ಟೇನ್ ಆದರೆ ಕರಗಿಸಿ ಬ್ರಷ್ ಜೊತೆ ಎಳೆದುಕೊಂಡು ಹೋಗುತ್ತದೆ. ಹಾಗಾಗಿ ರಾ ಅಂಬರ್ ಹಚ್ಚಿ ಮೂರು ದಿನ ಬಿಟ್ಟು, ಅರಗಿನ ಇನ್ನೊಂದು ತೆಳು ಕೋಟ್, ಅದರ ಮೇಲೆ ಮೆಲಮೈನ್ ಸೀಲರ್. ಮೊದಲ ಕೋಟನ್ನು ಸ್ಪ್ರೇಯಲ್ಲಿ ಒದ್ದೆಯಾಗದಷ್ಟು ಮಂಜಿನಂತೆ ಹಾಯಿಸಿ, ಹತ್ತು ನಿಮಿಷ ಆರಲು ಬಿಟ್ಟು ಆಮೇಲೆ ಪೂರ್ಣ ಕೋಟ್. ಒಂದೇ ಸಲಕ್ಕೆ ದಪ್ಪ ಕೋಟ್ ಬಿದ್ದರೆ ಥಿನ್ನರ್ ಬಹಳ ಹೊತ್ತು ಒದ್ದೆಯಾಗಿ ನಿಂತು ಅರಗನ್ನೂ ದಾಟಿ ಕೆಳಗಿಳಿಯುತ್ತದೆ. ಹಾರ್ಡನರ್ ಅಳತೆಯನ್ನು ಡಬ್ಬಿಯಲ್ಲಿ ಹೇಳಿದಷ್ಟೇ ಹಾಕಿ. ಮಳೆಗೆ ಬೇಗ ಒಣಗಲಿ ಅಂತ ಹೆಚ್ಚು ಹಾಕುವವರಿದ್ದಾರೆ, ಅದರಿಂದ ಪದರ ಪೆಡಸಾಗಿ ಮುಂದೆ ಸೀಳುತ್ತದೆ.

ಸಾಗರದ ಮಳೆಯಲ್ಲಿ ಇನ್ನೊಂದು ತೊಂದರೆ ಬಂದೇ ಬರುತ್ತದೆ, ಬಿಳಿ ಮಬ್ಬು. ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಇಬ್ಬನಿಯಾಗಿ ಪದರದೊಳಗೆ ಸಿಕ್ಕಿಕೊಳ್ಳುತ್ತದೆ. ಮಳೆ ಸುರಿಯುತ್ತಿರುವಾಗ, ಬೆಳಿಗ್ಗೆ ಮುಂಚೆ, ಸಂಜೆ ನಂತರ ಹೊಡೆಯಬೇಡಿ. ಮಧ್ಯಾಹ್ನ ಹನ್ನೆರಡರಿಂದ ಮೂರರ ನಡುವೆ, ಮಳೆ ಬಿಟ್ಟ ದಿನ ನೋಡಿ. ಥಿನ್ನರ್‌ಗೆ ಶೇ. 5ರಿಂದ 10ರಷ್ಟು ರಿಟಾರ್ಡರ್ ಬೆರೆಸಿದರೆ ಆರುವುದು ನಿಧಾನವಾಗಿ ತೇವಕ್ಕೆ ಹೊರಹೋಗಲು ಸಮಯ ಸಿಗುತ್ತದೆ. ಮಬ್ಬು ಬಂದೇಬಿಟ್ಟರೆ ಉಜ್ಜಬೇಡಿ. ಅದೇ ದಿನವಾದರೆ ರಿಟಾರ್ಡರ್ ಮಿಶ್ರಣವನ್ನೇ ಬರಿದಾಗಿ ಒಂದು ತೆಳು ಮಂಜು ಹಾಯಿಸಿ, ಪದರ ಮತ್ತೆ ಮೆತ್ತಗಾಗಿ ತೇವ ಬಿಟ್ಟುಕೊಡುತ್ತದೆ, ಮಬ್ಬು ಕಣ್ಣೆದುರೇ ತಿಳಿಯಾಗುತ್ತದೆ. ಹಾರ್ಡನರ್ ಹಿಡಿದು ಗಟ್ಟಿಯಾದ ಮೇಲೆ ಈ ಉಪಾಯ ನಡೆಯುವುದಿಲ್ಲ, ಆಗ 400 ಪೇಪರ್‌ನಲ್ಲಿ ಆ ಕೋಟ್ ಮಾತ್ರ ಇಳಿಸಿ ಮತ್ತೆ ಹೊಡೆಯಬೇಕು.

ಚೇಗು_ಬಿಳಿಮರ

ಎರಡು ಮಾತು ಸೇರಿಸುತ್ತೇನೆ. ಕುರ್ಚಿಗೆ ಉಳಿದ ಸ್ಟೇನ್ ಬಳಸುವುದಾದರೆ ಡಬ್ಬಿಯನ್ನು ಬರೀ ಅಲುಗಿಸಿ ಸುರಿಯಬೇಡಿ. ಪುಡಿ ತಳದಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ಮೇಲಿನ ತಿಳಿಯಲ್ಲಿ ಹಚ್ಚಿದ ಕುರ್ಚಿ ತೆಳು, ತಳದ್ದರಲ್ಲಿ ಹಚ್ಚಿದ್ದು ಕಪ್ಪು. ಚಪ್ಪಟೆ ಕೋಲಿನಿಂದ ತಳ ಕೆರೆದು, ಕೋಲಿನ ತುದಿಗೆ ಗಟ್ಟಿ ಬಣ್ಣ ಅಂಟಿ ಬರುವುದು ನಿಲ್ಲುವವರೆಗೆ ಕಲಕಿ, ಹಚ್ಚುವಾಗಲೂ ಹತ್ತು ನಿಮಿಷಕ್ಕೊಮ್ಮೆ ಕಲಕುತ್ತಿರಿ.

ಒರೆಸಿದ ಬಟ್ಟೆಗಳನ್ನು ಮುದ್ದೆಮಾಡಿ ಬಕೆಟ್‌ಗೆ ತುಂಬಿಡಬೇಡಿ, ಪ್ಲಾಸ್ಟಿಕ್ ಚೀಲದಲ್ಲೂ ಬೇಡ. ಎಣ್ಣೆ ಸ್ಟೇನ್ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಹೊರಹೋಗದೆ ತಾನೇ ಹೊತ್ತಿಕೊಳ್ಳುತ್ತದೆ. ಹಗ್ಗದ ಮೇಲೆ ಒಂದೊಂದಾಗಿ ಬಿಡಿಸಿ ಹೊರಗೆ ಒಣಹಾಕಿ, ಮಳೆ ಇದ್ದರೆ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕಿಡಿ. ರಾ ಅಂಬರ್ ಒರೆಸಿದ ಬಟ್ಟೆಗೂ ಇದೇ ಎಚ್ಚರ ಬೇಕು, ಅದರಲ್ಲೂ ಒಣಗುವ ಎಣ್ಣೆ ಇದೆ.